ಮುಂಡಿನ ಮಡಿಕೆ: ಮಂಗಳೂರಿನ ಗಂಡಸರ ಉಡುಗೆಯ ಕುರಿತು ಒಂದು ಟಿಪ್ಪಣಿ

ಸ್ಕಾಟ್ಲೆಂಡಿನ ಕಿಲ್ಟನ್ನು ಮದುವೆ ಮೆರವಣಿಗೆಗಳಿಗೆ ಮೀಸಲಿಡದೆ ದಿನವೂ ಉಡುತ್ತೇವೆ ಎನ್ನುವ ಗಂಡಸರು ಈಚೆಗೆ ಅಲ್ಲಲ್ಲಿ ಕಾಣಿಸಿಕೊಂಡಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2000ನೇ ಇಸವಿಯ ಸುಮಾರಿಗೆ ಆರಂಭವಾದ ಯುಟಿಲಿಕಿಲ್ಟ್ಸ್ ಎಂಬ ಕಂಪನಿ ದಪ್ಪ ಬಟ್ಟೆಯ, ದೊಡ್ಡ ಜೇಬುಗಳ, ಕೆಲಸಕ್ಕೆ ತೊಡುವಂಥ ಕಿಲ್ಟುಗಳನ್ನೇ ಹೊಲಿದು ಮಾರಿತು. ಇವರಿಗೆ ಟೀಕೆ ಎರಡು ಕಡೆಯಿಂದ ಬರುತ್ತದೆ. ಇದು ಹೆಂಗಸರ ಲಂಗ ಎಂದು ನಗುವವರು ಕೆಲವರು. ಪರಂಪರೆಯ ಉಡುಗೆಯನ್ನು ಹೀಗೆ ಬೀದಿಗೆ ಎಳೆಯಬಾರದು ಎಂದು ಮುನಿಯುವವರು ಇನ್ನು ಕೆಲವರು. ಸೊಂಟದಿಂದ ಕಣಕಾಲಿನವರೆಗೆ ಹೊಲಿಗೆಯಿಲ್ಲದ ಬಟ್ಟೆ ಸುತ್ತಿಕೊಳ್ಳುವುದು ಗಂಡಸುತನಕ್ಕೆ ಕುಂದು ಎಂದು ಯಾರಿಗೂ ತೋರದ ಮಂಗಳೂರಿನಲ್ಲಿ ಮೊದಲನೆಯ ಟೀಕೆಗೆ ನೆಲೆಯಿಲ್ಲ. ಎರಡನೆಯದು ಗಟ್ಟಿಯಾಗಿಯೇ ಇದೆ. ಮುಂಡನ್ನು ಹೊಗಳುತ್ತಲೇ ಅದನ್ನು ಹಬ್ಬದ ದಿನಕ್ಕೆ ಕಟ್ಟಿಹಾಕುವವರ ಬಾಯಲ್ಲಿ ಅದು ಬರುವುದರಿಂದ ನಾವು ಅದನ್ನು ಟೀಕೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ. ಮುಂಡು, ಲುಂಗಿಗಳ ಮೇಲಿನ ಆಕ್ಷೇಪಗಳು ಸುತ್ತಿ ಬಳಸಿ ಕೊನೆಗೆ ಅದರ ಮಡಿಕೆಗೆ ಬಂದು ನಿಲ್ಲುತ್ತವೆ ಎಂಬುದು ಈ ಟಿಪ್ಪಣಿಯ ಪ್ರತಿಪಾದನೆ: ಅದನ್ನು ಯಾರು, ಎಲ್ಲಿ, ಯಾರ ಎದುರು, ಎಷ್ಟು ಎತ್ತಿ ಕಟ್ಟಿದ್ದಾರೆ ಎಂಬಲ್ಲಿಗೆ.

ಮೊದಲು ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕು. ಕಾಲುಗಳ ನಡುವೆ ಹಾಯಿಸಿ ಹಿಂದೆ ಸಿಕ್ಕಿಸುವ ಕಚ್ಚೆ ಪಂಚೆ ಒಂದು. ಅದು ಒಂದು ರೀತಿಯಲ್ಲಿ ಪ್ಯಾಂಟಿಗೆ ಹತ್ತಿರದ ಉಡುಗೆ, ಕಾಲುಗಳು ಬೇರೆಯಾಗುತ್ತವೆ. ಸುಮ್ಮನೆ ಸುತ್ತಿ ಸೊಂಟದಲ್ಲಿ ಸಿಕ್ಕಿಸುವ ಬಿಳಿಯ ಮುಂಡು ಇನ್ನೊಂದು. ಚೌಕಳಿಯ ಅಥವಾ ಬಣ್ಣದ ಲುಂಗಿ ಮೂರನೆಯದು. ಎರಡು ತುದಿ ಸೇರಿಸಿ ಹೊಲಿದದ್ದೂ ಉಂಟು, ಬಿಚ್ಚಿದ್ದೂ ಉಂಟು. ಅಳತೆ ಇವತ್ತಿಗೂ ಮೊಳದಲ್ಲೇ ನಡೆಯುತ್ತದೆ. ನಾಲ್ಕು ಮೊಳದ್ದು ಒಂಟಿ, ಎಂಟು ಮೊಳದ್ದು ಡಬಲ್. ಎಂಟು ಮೊಳವೆಂದರೆ ನಾಲ್ಕು ಗಜ. ಸಾಂಪ್ರದಾಯಿಕ ಕಿಲ್ಟಿಗೆ ಎಂಟು ಗಜದವರೆಗೆ ಉಣ್ಣೆಬಟ್ಟೆ ಹಿಡಿಯುತ್ತದೆ, ಏಕೆಂದರೆ ಹಿಂಭಾಗದ ನೆರಿಗೆಗಳೇ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತವೆ. ಆ ನೆರಿಗೆಗಳನ್ನು ದರ್ಜಿ ಒಮ್ಮೆ ಹೊಲಿದರೆ ಮುಗಿಯಿತು. ಮುಂಡಿನ ಮಡಿಕೆಯನ್ನು ಉಟ್ಟವನೇ ದಿನಕ್ಕೆ ಹತ್ತಾರು ಸಲ ಬದಲಾಯಿಸುತ್ತಾನೆ. ಮುಂದಿನ ಚರ್ಚೆಗೆಲ್ಲ ಈ ವ್ಯತ್ಯಾಸ ಮುಖ್ಯ.

ಕಿಲ್ಟಿಗೂ ಮಂಗಳೂರಿಗೂ ನೇರವಾದ ಒಂದು ನಂಟು ಇದೆ; ಸ್ಥಳೀಯ ಇತಿಹಾಸದ ಬರಹಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಸಣ್ಣದು. 1783ರ ಮೇ ತಿಂಗಳಿಂದ 1784ರ ಜನವರಿ ಕೊನೆಯವರೆಗೆ ಟಿಪ್ಪು ಸುಲ್ತಾನ್ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದ ಕಂಪನಿ ಪಡೆಯ ನಾಯಕ ಕರ್ನಲ್ ಜಾನ್ ಕ್ಯಾಂಬೆಲ್. ಅವನು 42ನೇ ಹೈಲ್ಯಾಂಡ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿನವನು. 'ಬ್ಲ್ಯಾಕ್ ವಾಚ್' ಎಂದು ಹೆಸರಾದ ರೆಜಿಮೆಂಟ್ ಅದು. 1784ರ ಜನವರಿ 30ರಂದು ಕೋಟೆ ಟಿಪ್ಪುವಿನ ಕೈಸೇರಿತು, ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು, ಅದೇ ತಿಂಗಳಲ್ಲಿ ಕ್ಯಾಂಬೆಲ್ ಮುಂಬಯಿಯಲ್ಲಿ ತೀರಿಕೊಂಡ. ಆ ಬೆಟಾಲಿಯನ್ 1786ರಲ್ಲಿ 73ನೇ ರೆಜಿಮೆಂಟಾಗಿ ಬೇರೆಯಾಯಿತು, 1881ರಲ್ಲಿ ಮತ್ತೆ ಬ್ಲ್ಯಾಕ್ ವಾಚ್‌ಗೆ ಸೇರಿತು. ಮುತ್ತಿಗೆಯಲ್ಲಿ ಸೋತರೂ 'ಮಂಗಳೂರು' ಎಂಬ ಹೆಸರು ಆ ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ಉಳಿದಿದೆ.

ಈ ತಾರೀಖುಗಳ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. ಸ್ಕಾಟ್ಲೆಂಡಿನಲ್ಲಿ ಎದ್ದ 1745ರ ಬಂಡಾಯ ಸೋತ ಮೇಲೆ ಬ್ರಿಟಿಷ್ ಪಾರ್ಲಿಮೆಂಟು 1746ರಲ್ಲಿ ಉಡುಗೆ ಕಾಯಿದೆ ತಂದು ಹೈಲ್ಯಾಂಡಿನ ಗಂಡಸರು ಕಿಲ್ಟ್ ಉಡುವುದನ್ನು ನಿಷೇಧಿಸಿತ್ತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ರಾಜನ ಸೇನೆಯಲ್ಲಿದ್ದವರಿಗೆ ಮಾತ್ರ ವಿನಾಯಿತಿ. ಮನೆಯಲ್ಲಿ ಉಟ್ಟರೆ ಅಪರಾಧ, ಸಮವಸ್ತ್ರವಾಗಿ ಉಟ್ಟರೆ ಸ್ವಾಮಿನಿಷ್ಠೆ. ಕಾಯಿದೆ ರದ್ದಾದದ್ದು 1782ರಲ್ಲಿ, ಅಂದರೆ ಕ್ಯಾಂಬೆಲ್ಲನ ಬೆಟಾಲಿಯನ್ ಊರು ಬಿಟ್ಟು ಭಾರತದ ದಾರಿ ಹಿಡಿದ ನಂತರ. ಆ ಸೈನಿಕರು ಮಂಗಳೂರಿನ ಕೋಟೆಯಲ್ಲಿ ಕಿಲ್ಟ್ ಉಟ್ಟೇ ಕಾವಲು ನಿಂತಿದ್ದರು ಎಂದು ಬರೆದುಬಿಡುವುದು ಆತುರವಾದೀತು. ಉಷ್ಣ ಸೀಮೆಗಳಲ್ಲಿ ಹೈಲ್ಯಾಂಡ್ ಪಡೆಗಳಿಗೆ ಹಗುರವಾದ ಪ್ಯಾಂಟು ಕೊಡುವ ರೂಢಿಯೂ ಇತ್ತು. ಅವರ ತಂದೆಯಂದಿರ ಕಾಲದಲ್ಲಿ ಸೊಂಟದ ಬಟ್ಟೆಗಾಗಿ ಜನ ಜೈಲು ಕಂಡಿದ್ದರು ಎನ್ನುವಷ್ಟನ್ನು ಮಾತ್ರ ಗಟ್ಟಿಯಾಗಿ ಹೇಳಬಹುದು.

ಪರಂಪರೆಯ ವಾದಕ್ಕೂ ಇಲ್ಲಿ ಒಂದು ಎಚ್ಚರಿಕೆ ಇದೆ. ಇಂದು ಕಿಲ್ಟ್ ಎಂದು ಕರೆಯುವ ಮೊಳಕಾಲಿನ ಸಣ್ಣ ಉಡುಗೆಯನ್ನು 1720ರ ದಶಕದಲ್ಲಿ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಕುಲುಮೆಯ ಒಡೆಯ ತನ್ನ ಕೆಲಸಗಾರರಿಗಾಗಿ ರೂಪಿಸಿದ ಎಂದು ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಾದಿಸಿದರು. ಅದಕ್ಕೂ ಹಿಂದೆ ಇದ್ದದ್ದು ಹೆಗಲಿಂದ ಮೊಳಕಾಲಿನವರೆಗೆ ಮೈಗೆ ಸುತ್ತಿ ನಡುಪಟ್ಟಿ ಬಿಗಿಯುವ ದೊಡ್ಡ ಹೊದಿಕೆ. ಈ ವಾದವನ್ನು ಒಪ್ಪದ ಸ್ಕಾಟಿಷ್ ವಿದ್ವಾಂಸರೂ ಇದ್ದಾರೆ. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ವಾಲ್ಟರ್ ಸ್ಕಾಟ್ ಮುಂದಾಳಾಗಿ ನಡೆಸಿದ ಸಮಾರಂಭದಲ್ಲಿ ಕಿಲ್ಟ್ ಇಡೀ ಸ್ಕಾಟ್ಲೆಂಡಿನ ಅಧಿಕೃತ ವೇಷವಾಯಿತು ಎಂಬುದರಲ್ಲಿ ಮಾತ್ರ ತಕರಾರಿಲ್ಲ. ವೇಷವಾದ ಮೇಲೆ ಅದು ಉಡುಗೆಯಾಗಿ ಉಳಿಯುವುದು ಕಷ್ಟವಾಯಿತು.

ಕರಾವಳಿಯ ಕಡೆಗೆ ಬಂದರೆ ಲಿಖಿತ ಸಾಕ್ಷ್ಯ ಹದಿನಾಲ್ಕನೇ ಶತಮಾನಕ್ಕೆ ಹೋಗುತ್ತದೆ. 1340ರ ದಶಕದಲ್ಲಿ ಈ ದಾರಿಯಾಗಿ ಹಾದ ಇಬ್ನ್ ಬತೂತ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಉಡುಪನ್ನು ವಿವರಿಸುವಾಗ ಸೊಂಟಕ್ಕೆ ಸುತ್ತಿದ ಬಟ್ಟೆಯನ್ನು ಹೇಳುತ್ತಾನೆ. ಆ ಕರಾವಳಿಯ ಹೆಂಗಸರು ಹೊಲಿಗೆಯಿಲ್ಲದ ಬಟ್ಟೆಯನ್ನೇ ಉಡುತ್ತಾರೆ ಎಂದೂ ಬರೆಯುತ್ತಾನೆ. ಮಂಗಳೂರಿನಲ್ಲಿ ಅವನು ಫಾರ್ಸ್ ಮತ್ತು ಯಮನ್ ಕಡೆಯ ವರ್ತಕರನ್ನು ಕಂಡ. ಕಡಲಿನಿಂದ ಬಂದವರೂ ನೆಲದವರೂ ಸೊಂಟದ ಮಟ್ಟಿಗೆ ಒಂದೇ ಬಗೆಯ ಬಟ್ಟೆಗೆ ಒಗ್ಗಿದ್ದ ಊರು ಇದು.

ದಾಖಲೆಯಲ್ಲಿ ಸಿಗುವ ಮೊದಲ ಟೀಕಾಕಾರ ಇಟಲಿಯ ಪ್ರವಾಸಿ ಪಿಯತ್ರೊ ದೆಲ್ಲಾ ವಲ್ಲೆ. 1623ರ ಕೊನೆಗೆ ಇಕ್ಕೇರಿಯಿಂದ ಮಂಗಳೂರಿಗೆ ಇಳಿದ ಆತ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡ. ರಾಣಿ ಬರಿಗಾಲಲ್ಲಿದ್ದಳು, ನಡುವಿನಿಂದ ಕೆಳಗೆ ದಪ್ಪ ನೂಲಿನ ಒಂದು ಬಿಳಿ ಬಟ್ಟೆ ಸುತ್ತಿದ್ದಳು. ನೋಡಲು ಅಡಿಗೆಮನೆಯ ಆಳಿನಂತೆ, ಮಾತಿಗೆ ನಿಂತರೆ ರಾಣಿಯೇ ಹೌದು ಎಂಬರ್ಥದ ಅವನ ಟಿಪ್ಪಣಿ ಪ್ರಸಿದ್ಧವಾಗಿದೆ. ಇದು ಹೆಣ್ಣುಡುಗೆಯ ಪ್ರಸಂಗ, ನನ್ನ ವಿಷಯಕ್ಕೆ ಪಕ್ಕದ್ದು, ಆದರೂ ಬಿಡಲಾಗದು. ಬಟ್ಟೆಯಿಂದ ಅಂತಸ್ತನ್ನು ಓದಲು ಹೋಗಿ ತಬ್ಬಿಬ್ಬಾದವನು ತನ್ನ ಗೊಂದಲವನ್ನು ತಾನೇ ಬರೆದಿಟ್ಟದ್ದು ಅಪರೂಪ. ರಾಣಿಗೂ ಆಳಿಗೂ ಉಡುಗೆ ಒಂದೇ ಆದಾಗ ವ್ಯತ್ಯಾಸವೆಲ್ಲ ನೂಲಿನ ನಯ, ಅಂಚು, ಉದ್ದ ಮತ್ತು ಉಡುವ ಬಗೆಯಲ್ಲಿ ಅಡಗಿರುತ್ತದೆ. ಹೊರಗಿನವನ ಕಣ್ಣಿಗೆ ಅದು ಬೀಳುವುದಿಲ್ಲ. ಒಳಗಿನವರಿಗೆ ಅದೇ ಎಲ್ಲ.

ಮಂಗಳೂರಿನ ಧರ್ಮಗಳನ್ನು ಒಂದೊಂದಾಗಿ ನೋಡಿದರೂ ಇದು ತಿಳಿಯುತ್ತದೆ. ಹಳೆಯ ತಲೆಮಾರಿನ ಬ್ಯಾರಿ ಮುಸ್ಲಿಮರದ್ದು ಬಿಳಿ ಮುಂಡು, ಅದರ ಮೇಲೆ ಅಗಲವಾದ ಬೆಲ್ಟು. ಕೆಥೊಲಿಕ್ ಹಿರಿಯರದ್ದು ಧೋತರದ ಮೇಲೆ ಕುತಾಂವ್ ಎಂಬ ಉದ್ದನೆಯ ಕೋಟು, ತಲೆಗೆ ಮುಂಡಾಸು. ಗುತ್ತಿನ ಯಜಮಾನರದ್ದು ಜರಿ ಅಂಚಿನ ಪಂಚೆ, ಹೆಗಲಿಗೆ ಶಾಲು. ಗದ್ದೆಯಲ್ಲಿ ಸಣ್ಣ ತುಂಡು, ತಲೆಗೆ ಹಾಳೆಯ ಮುಟ್ಟಾಳೆ. ಮೇಲಂಗಿಯಲ್ಲಿ ನಾಲ್ಕು ದಾರಿ, ಸೊಂಟದಲ್ಲಿ ಒಂದೇ ದಾರಿ. ಪಕ್ಕದ ಕೇರಳದಲ್ಲಿ ಮುಂಡಿನ ತುದಿಯನ್ನು ಹಿಂದೂಗಳು ಬಲಕ್ಕೆ, ಮುಸ್ಲಿಮರು ಎಡಕ್ಕೆ ಸಿಕ್ಕಿಸುವ ರೂಢಿಯಿದೆ. ಉಡುಗೆ ಒಂದೇ ಆದರೂ ಗುರುತು ಬೇಕೆನ್ನುವವರಿಗೆ ಸಿಕ್ಕಿಸುವ ಬದಿಯೇ ಸಾಕಾಯಿತು.

ಪ್ಯಾಂಟಿನ ಬಟ್ಟೆಯ ಇತಿಹಾಸದಲ್ಲೂ ಈ ಊರಿಗೆ ಪಾಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಬಲ್ಮಠದಲ್ಲಿ ನೇಯ್ಗೆಯ ಕೆಲಸ ನಡೆಸಿತು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಯ್ಗೆ ಬಲ್ಲ ಮಿಷನರಿ ಸುಧಾರಿಸಿದ ಮಗ್ಗಗಳನ್ನು ತಂದು ಬಣ್ಣಗಾರಿಕೆಯಲ್ಲೂ ಪ್ರಯೋಗ ಮಾಡಿದ. ಖಾಕಿ ಬಣ್ಣ ಹುಟ್ಟಿದ್ದೇ ಬಲ್ಮಠದಲ್ಲಿ ಎಂದು ನಮ್ಮ ಊರಿನ ಬರಹಗಳು ಹೆಮ್ಮೆಯಿಂದ ಹೇಳುತ್ತವೆ. ಆದರೆ ಪೇಶಾವರದ ಕಡೆ 1846ರಲ್ಲಿ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಹಾಲರ್ ಇಲ್ಲಿಗೆ ಬರುವ ಮೊದಲೇ ಮಣ್ಣುಬಣ್ಣದ ಬಟ್ಟೆ ತೊಟ್ಟಿತ್ತು. ಎರಡನ್ನೂ ಕೂಡಿಸಿ ನೋಡಿದರೆ, ಬಣ್ಣದ ಕಲ್ಪನೆ ಇಲ್ಲಿಯದಲ್ಲ, ಅದನ್ನು ಗಟ್ಟಿಯಾಗಿ ಹಿಡಿಸಿ ಮಾರಾಟದ ಬಟ್ಟೆಯಾಗಿ ನೇಯ್ದದ್ದು ಇಲ್ಲಿಯ ಸಾಧನೆ ಎಂಬ ತೀರ್ಮಾನ ಹೆಚ್ಚು ನಿಲ್ಲುತ್ತದೆ. ಪೊಲೀಸನ ಪ್ಯಾಂಟು, ಬಸ್ ಕಂಡಕ್ಟರನ ಅಂಗಿ, ರಿಕ್ಷಾ ಚಾಲಕನ ಸಮವಸ್ತ್ರ, ಹೀಗೆ ಮುಂಡನ್ನು ಕೆಲಸದ ಜಾಗದಿಂದ ಹೊರಗೆ ಕಳಿಸಿದ ಬಟ್ಟೆಗೆ ಮುಂಡಿನ ಊರಿನಲ್ಲೇ ಮಗ್ಗ ಹೂಡಿದ್ದರು.

ಚೌಕಳಿಯ ಬಗ್ಗೆಯೂ ಒಂದು ಮಾತು. ಮದರಾಸು ಸೀಮೆಯ ಚೌಕಳಿ ಸ್ಕಾಟಿಷ್ ರೆಜಿಮೆಂಟುಗಳ ಟಾರ್ಟನ್ ನೋಡಿ ಕಲಿತದ್ದು ಎಂಬ ಹೇಳಿಕೆ ಆಗಾಗ ಕೇಳಿಬರುತ್ತದೆ. ಹಾಸಿನಲ್ಲೂ ಹೊಕ್ಕಿನಲ್ಲೂ ಬಣ್ಣದ ನೂಲು ಬಿಟ್ಟರೆ ಚೌಕ ತಾನಾಗಿಯೇ ಬೀಳುತ್ತದೆ. ಅದನ್ನು ಕಲಿಸಲು ರೆಜಿಮೆಂಟು ಬೇಕಿಲ್ಲ. ಕೆಲವು ನಮೂನೆಗಳನ್ನು ಗಿರಾಕಿಗಾಗಿ ನಕಲು ಮಾಡಿರಬಹುದಾದ್ದು ಬೇರೆ ಮಾತು. ಮಂಗಳೂರಿನ ಅಂಗಡಿಗಳಿಗೆ ಬರುವ ಲುಂಗಿಯಲ್ಲಿ ತಮಿಳುನಾಡಿನದ್ದು ಬಹಳ. ಗುಡಿಯಾತ್ತಂ, ಕುರಿಂಜಿಪಾಡಿಗಳು ಲುಂಗಿಗೆ ಹೆಸರಾದ ಊರುಗಳು. ಇಲ್ಲಿಯ ಶೆಟ್ಟಿಗಾರರ ಮಗ್ಗಗಳಿಗೆ ಇಂದು ಹೆಸರು ತಂದಿರುವುದು 2016ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿ ಸೀರೆ. ಗಂಡಸರ ಬಟ್ಟೆಗೆ ಅಂಥ ಭಾಗ್ಯ ಬಂದಿಲ್ಲ.

ಇನ್ನು ಮಡಿಕೆ. ಮುಂಡು ಉಟ್ಟವನು ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಮೊಳಕಾಲ ಮಟ್ಟಕ್ಕೆ ತಂದು ಸೊಂಟದಲ್ಲಿ ಮತ್ತೆ ಸಿಕ್ಕಿಸುತ್ತಾನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಇದಕ್ಕಿಂತ ಅನುಕೂಲದ ಏರ್ಪಾಡು ಇಲ್ಲ. ಪ್ಯಾಂಟಿನ ಕಾಲು ಒದ್ದೆಯಾದರೆ ಸಂಜೆಯವರೆಗೆ ಅಂಟಿಕೊಂಡೇ ಇರುತ್ತದೆ. ಮುಂಡು ಎತ್ತಿ ಕಟ್ಟಿದವನ ಕಾಲು ಮಾತ್ರ ನೆನೆಯುತ್ತದೆ. ದಕ್ಕೆಯಲ್ಲಿ ಮೀನಿನ ಬುಟ್ಟಿ ಎಳೆಯುವವನು, ತೋಟದಲ್ಲಿ ಅಡಿಕೆ ಹೆಕ್ಕುವವನು, ಸೆಂಟ್ರಲ್ ಮಾರ್ಕೆಟಿನಲ್ಲಿ ಮೂಟೆ ಹೊರುವವನು ಇವರೆಲ್ಲ ಎತ್ತಿ ಕಟ್ಟಿಯೇ ಕೆಲಸ ಮಾಡುವುದು. ಹಿರಿಯರು ಎದುರಾದರೆ, ದೇವಸ್ಥಾನದ ಮೆಟ್ಟಿಲು ಬಂದರೆ, ದೈವದ ಕೊಡಿಯಡಿ ಸೇರಿದರೆ ಕೈ ತಾನಾಗಿ ಸೊಂಟಕ್ಕೆ ಹೋಗಿ ಮಡಿಕೆ ಬಿಚ್ಚುತ್ತದೆ. ಯಾರೂ ಇದನ್ನು ಹೇಳಿಕೊಡುವುದಿಲ್ಲ; ಬಿಚ್ಚದಿದ್ದವನನ್ನು ನೋಡುವ ನೋಟವೇ ಪಾಠ. ಸಿನಿಮಾಗಳಂತೂ ಇದನ್ನು ಚೆನ್ನಾಗಿ ದುಡಿಸಿಕೊಂಡಿವೆ. 1995ರ ಮಲಯಾಳ ಚಿತ್ರ 'ಸ್ಫಟಿಕಂ'ನಲ್ಲಿ ಮೋಹನ್‌ಲಾಲ್ ಮುಂಡು ಬಿಚ್ಚಿ ಹೊಡೆದಾಟಕ್ಕೆ ನಿಲ್ಲುವುದು ಪ್ರಸಿದ್ಧ. ಕುಂದಾಪುರದ ಕಡೆಯ ಕತೆಯಾದ 2022ರ 'ಕಾಂತಾರ'ದ ನಾಯಕ ಶಿವನ ಒರಟುತನದ ಅರ್ಧ ಭಾಗ ಅವನ ಲುಂಗಿಯಲ್ಲಿದೆ. ಕೆಲಸ, ವಿರಾಮ, ಸವಾಲು ಮೂರಕ್ಕೂ ಒಂದೇ ಮಡಿಕೆ. ಯಾವುದು ಎಂದು ತೀರ್ಮಾನವಾಗುವುದು ನೋಡುವವನಲ್ಲಿ.

ಇದರ ಕೆಳಗೆ ಇನ್ನೊಂದು ಪದರ ಇದೆ, ಅದು ಅಷ್ಟು ಸೊಗಸಿನದಲ್ಲ. ಬಟ್ಟೆ ಮೊಳಕಾಲಿನ ಕೆಳಗೆ ಇಳಿಯುವುದು ಒಂದು ಕಾಲದಲ್ಲಿ ಮೇಲಿನವರ ಹಕ್ಕಾಗಿತ್ತು. ಕೇರಳದಲ್ಲಿ ಕೆಳಜಾತಿಗಳ ಗಂಡಸರಿಗೂ ಹೆಂಗಸರಿಗೂ ಬಟ್ಟೆಯ ಉದ್ದದ ಮೇಲೆ ನಿರ್ಬಂಧಗಳಿದ್ದದ್ದು ದಾಖಲಾದ ಸಂಗತಿ. ತುಳುನಾಡಿನ ಒಕ್ಕಲು ಧಣಿಯ ಅಂಗಳದಲ್ಲಿ ಹೆಗಲ ಬೈರಾಸನ್ನು ಕೆಳಗಿಳಿಸಿ ತುಂಡುಬಟ್ಟೆಯಲ್ಲಿ ನಿಲ್ಲುತ್ತಿದ್ದ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಇಲ್ಲಿಯ ಕೊರಗ ಬುಡಕಟ್ಟಿನ ಒಳಪಂಗಡಗಳನ್ನು ಉಡುಗೆಯಿಂದಲೇ ಗುರುತಿಸಲಾಗಿದೆ: ಎಲೆ ಉಡುವವರು ಸೊಪ್ಪು ಕೊರಗರು, ಹೆಣಕ್ಕೆ ಹೊದಿಸಿದ ಬಟ್ಟೆ ಉಡುತ್ತಿದ್ದವರು ವಸ್ತ್ರ ಕೊರಗರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಮಿಷನ್ ಆರಂಭಿಸಿದಾಗಿನ ಹಿನ್ನೆಲೆ ಇದು. ಕೊರಗರನ್ನು ಕೀಳಾಗಿ ದುಡಿಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನ ಮೂಲಕ ನಿಷೇಧಿಸಿದ್ದು 2000ದಲ್ಲಿ. ಒಕ್ಕಲನ್ನು ಧಣಿಯ ಅಂಗಳದಿಂದ ಬಿಡಿಸಿದ್ದು ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ.

ಹಾಗಾಗಿ ಇವತ್ತು ಹಿರಿಯರ ಎದುರು ಮುಂಡು ಕೆಳಗೆ ಬಿಡುವುದನ್ನು ಬರಿಯ ಸಂಸ್ಕಾರ ಎಂದು ಓದಿದರೆ ಅರ್ಧ ಓದಿದಂತೆ. ಕೆಲವರ ಪಾಲಿಗೆ ಕಣಕಾಲಿನವರೆಗೆ ಇಳಿಬಿಟ್ಟ ಬಿಳಿ ಮುಂಡು ಮೂರೋ ನಾಲ್ಕೋ ತಲೆಮಾರಿನಿಂದಷ್ಟೇ ಬಂದ ಸ್ವಾತಂತ್ರ್ಯ. ಅಜ್ಜನಿಗೆ ಎತ್ತಿ ಕಟ್ಟುವುದು ಕಡ್ಡಾಯವಾಗಿತ್ತು, ಮೊಮ್ಮಗನಿಗೆ ಅದೇ ಸ್ಟೈಲು. ಎತ್ತಿ ಕಟ್ಟಬೇಡ, ಅಸಭ್ಯ ಎಂದು ಹೇಳುವವರು ಯಾವ ಅಜ್ಜನ ಮೊಮ್ಮಕ್ಕಳು ಎಂದು ಕೇಳಿಕೊಳ್ಳುವುದು ಸಂಶೋಧಕನ ಕರ್ತವ್ಯ ಎಂದೇ ನನ್ನ ಎಣಿಕೆ.

ಬಟ್ಟೆ ಕಡಿಮೆ ಮಾಡುವುದೇ ರಾಜಕೀಯವಾದ ಸಂದರ್ಭವನ್ನೂ ಮಂಗಳೂರು ಎದುರಿಗೇ ಕಂಡಿದೆ. ಗಾಂಧೀಜಿ ಇಲ್ಲಿಗೆ 1920, 1927, 1934ರಲ್ಲಿ ಬಂದರು. ಅವರು ಮಧುರೆಯಲ್ಲಿ ತುಂಡುಪಂಚೆಗೆ ಇಳಿದದ್ದು 1921ರ ಸೆಪ್ಟೆಂಬರಿನಲ್ಲಿ. ಮೊದಲ ಭೇಟಿಯ ಗಾಂಧಿ ಬೇರೆ ವೇಷದ ಗಾಂಧಿ. ಮುಂದಿನ ಎರಡು ಸಲ ಊರು ಕಂಡದ್ದು ಮೊಳಕಾಲು ಕಾಣುವ ಗಾಂಧಿಯನ್ನು. ಅವರ ಅನುಯಾಯಿಯಾಗಿ ವಕೀಲಿಯನ್ನೂ ಆಸ್ತಿಯನ್ನೂ ತೊರೆದು ಖಾದಿ ಉಟ್ಟ ಕಾರ್ನಾಡ್ ಸದಾಶಿವರಾಯರ ಹೆಸರನ್ನು ಹೊತ್ತ ಕೆ.ಎಸ್. ರಾವ್ ರಸ್ತೆಯಲ್ಲಿ ಇಂದು ಮಾಲ್ ಇದೆ, ಸಿದ್ಧ ಉಡುಪಿನ ಸಾಲು ಸಾಲು ಅಂಗಡಿಗಳಿವೆ.

ಬಿಳಿ ಮುಂಡಿಗೆ ಸಿಗುವ ಮನ್ನಣೆ ಚೌಕಳಿ ಲುಂಗಿಗೆ ಇಲ್ಲ. ಮದುವೆ, ನೇಮ, ಗೃಹಪ್ರವೇಶಗಳಿಗೆ ಬಿಳಿ. ಲುಂಗಿ ಮನೆಗೆ, ದಕ್ಕೆಗೆ, ಗ್ಯಾರೇಜಿಗೆ. ಒಂದೇ ಅಳತೆ, ಉಡುವ ಕ್ರಮವೂ ಒಂದೇ, ಆದರೂ ಲುಂಗಿ ಉಟ್ಟು ಬ್ಯಾಂಕಿಗೆ ಹೋದವನು ಹಣ ಕಟ್ಟಲು ಬಂದವನಂತೆ ಕಾಣುವುದಿಲ್ಲ. ಈ ಭೇದ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಕಲಿಸಿದ್ದು ಮುಂಬಯಿ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಎದ್ದ 'ಲುಂಗಿ ಹಟಾವೋ, ಪುಂಗಿ ಬಜಾವೋ' ಎಂಬ ಘೋಷಣೆಯ ಬಿಸಿ ತಗಲಿದವರಲ್ಲಿ ನಮ್ಮ ಅವಿಭಜಿತ ದಕ್ಷಿಣ ಕನ್ನಡದಿಂದ ಹೋಗಿ ಉಡುಪಿ ಹೋಟೆಲು ಇಟ್ಟವರೂ ಇದ್ದರು. ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಅವರಲ್ಲಿ ಎಷ್ಟೋ ಮಂದಿ ಗಲ್ಲೆಯ ಮೇಲೆ ಪ್ಯಾಂಟು ಹಾಕಿಯೇ ಕೂತಿರುತ್ತಿದ್ದರು. ಘೋಷಣೆಗೆ ಲುಂಗಿ ಬೇಕಾದದ್ದು ಪ್ರಾಸಕ್ಕೆ ಮತ್ತು ಜನರನ್ನು ಒಂದೇ ಹೆಸರಲ್ಲಿ ಗುಡ್ಡೆ ಹಾಕುವುದಕ್ಕೆ. ಉಡುಗೆಯ ಟೀಕೆ ಉಟ್ಟವರ ಮೇಲಿನ ಟೀಕೆಯಾಗಿ ತಿರುಗಲು ಹೊತ್ತು ಬೇಕಿಲ್ಲ. ಇಂದಿನ ಮಂಗಳೂರಿನಲ್ಲಿ ಒಂದು ಸಮುದಾಯದವರ ಲುಂಗಿಯನ್ನು ಹಾಸ್ಯ ಮಾಡುವವರು ತಮ್ಮ ಚಿಕ್ಕಪ್ಪಂದಿರು ಮುಂಬಯಿಯಲ್ಲಿ ಕೇಳಿಸಿಕೊಂಡದ್ದನ್ನು ನೆನಪಿಸಿಕೊಂಡರೆ ಚೆನ್ನ.

ಈಚಿನ ಜಗಳಗಳ ಜಾಗ ಕ್ಲಬ್ಬು ಮತ್ತು ಮಾಲ್. 2014ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಡಿ. ಹರಿಪರಂಧಾಮನ್ ಅವರನ್ನು ವೇಷ್ಟಿ, ಅಂದರೆ ತಮಿಳರ ಪಂಚೆ, ಉಟ್ಟಿದ್ದಕ್ಕಾಗಿ ಚೆನ್ನೈಯ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನ ಬಾಗಿಲಲ್ಲಿ ತಡೆಯಲಾಯಿತು. ತಮಿಳುನಾಡು ವಿಧಾನಸಭೆ ಮರುತಿಂಗಳೇ ಕಾಯಿದೆ ಮಾಡಿ ವೇಷ್ಟಿ ಉಟ್ಟವರನ್ನು ಸಾರ್ವಜನಿಕ ಸ್ಥಳಗಳಿಂದ ತಡೆದರೆ ಒಂದು ವರ್ಷದವರೆಗೆ ಸೆರೆ, 25,000 ರೂಪಾಯಿವರೆಗೆ ದಂಡ ಎಂದು ಬರೆಯಿತು. 2017ರಲ್ಲಿ ಕೋಲ್ಕತ್ತದ ಮಾಲೊಂದರಲ್ಲಿ ಧೋತಿ ಉಟ್ಟ ಚಿತ್ರ ನಿರ್ದೇಶಕರೊಬ್ಬರನ್ನು ತಡೆದ ಗಲಾಟೆಯಾಯಿತು. 2024ರ ಜುಲೈ 16ರಂದು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆಯ ಕಾರಣಕ್ಕೆ ಒಳಗೆ ಬಿಡಲಿಲ್ಲ. ವಿಧಾನಮಂಡಲದ ಅಧಿವೇಶನ ನಡೆಯುತ್ತಿತ್ತು. ಪಕ್ಷಭೇದವಿಲ್ಲದೆ ಎಲ್ಲರೂ ಸಿಟ್ಟಾದರು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸಚಿವ ಬೈರತಿ ಸುರೇಶ್ ಸದನದಲ್ಲಿ ಪ್ರಕಟಿಸಿದರು. ಆಸ್ತಿ ತೆರಿಗೆ ಬಾಕಿಯ ಮಾತೂ ಜೊತೆಯಲ್ಲೇ ಬಂತು.

ತೆರಿಗೆಯ ಮಾತು ಬಂದದ್ದನ್ನು ಗಮನಿಸಬೇಕು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳಿಗೆ ಪ್ರವೇಶ ನಿರಾಕರಿಸುವುದನ್ನು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಎಂಬ ಐದು ಕಾರಣಗಳಿಗೆ ಸಂಬಂಧಿಸಿ ತಡೆಯುತ್ತದೆ. ಉಡುಗೆ ಅದರಲ್ಲಿಲ್ಲ, ಹಾಗಾಗಿ ಬೇರೆ ಆಧಾರ ಬೇಕಾಯಿತು. ಮುಖ್ಯಮಂತ್ರಿಯೇ ದಿನವೂ ಪಂಚೆ ಉಡುವ, ಪಂಚೆ ಉಟ್ಟೇ 1996ರಲ್ಲಿ ಪ್ರಧಾನಿಯಾದ ದೇವೇಗೌಡರ ರಾಜ್ಯದಲ್ಲಿ ಬಾಗಿಲ ಕಾವಲುಗಾರನೊಬ್ಬ ಪಂಚೆಯನ್ನು ತಡೆದದ್ದಕ್ಕೆ ಕಾರಣ ಅವನ ಅಜ್ಞಾನವಲ್ಲ. ರಾಜಕಾರಣಿಯ ಬಿಳಿ ಪಂಚೆಯೂ ಹೊಲದಿಂದ ಬಂದವನ ಪಂಚೆಯೂ ಬೇರೆ ಎಂದು ಅವನಿಗೆ ಕಲಿಸಲಾಗಿತ್ತು. ದೆಲ್ಲಾ ವಲ್ಲೆಗೆ ಕಾಣದ್ದು ಇವನಿಗೆ ಚೆನ್ನಾಗಿ ಕಂಡಿತು.

ಹೊರದೇಶಗಳಲ್ಲಿ ಬೇರೆ ದಾರಿ ಹಿಡಿದವರಿದ್ದಾರೆ. ಫಿಜಿಯ ಪೊಲೀಸರ ಸಮವಸ್ತ್ರವೇ ಸೊಂಟಕ್ಕೆ ಸುತ್ತುವ ಸುಲು. ಮ್ಯಾನ್ಮಾರಿನಲ್ಲಿ ಗುಮಾಸ್ತನೂ ಮೇಷ್ಟ್ರೂ ಲೋಂಜಿ ಉಟ್ಟೇ ಕೆಲಸಕ್ಕೆ ಹೋಗುತ್ತಾರೆ. ಕಚೇರಿ ಒಪ್ಪಿದ್ದರಿಂದ ಅಲ್ಲಿ ಅದು ನಿತ್ಯದ ಉಡುಗೆಯಾಗಿ ಉಳಿಯಿತು.

ಮಂಗಳೂರಿನ ಮನೆಯೊಳಗೆ ಲುಂಗಿಯನ್ನು ಸೋಲಿಸಿದ್ದು ಪ್ಯಾಂಟಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಪ್ಯಾಂಟು ಹಗಲನ್ನು ತೆಗೆದುಕೊಂಡು ಸಂಜೆಯನ್ನು ಲುಂಗಿಗೇ ಬಿಟ್ಟಿತ್ತು. ಐದೂವರೆಯ ಬಸ್ಸಿಳಿದ ಗುಮಾಸ್ತ ಆರು ಗಂಟೆಗೆ ಲುಂಗಿಯಲ್ಲಿರುತ್ತಿದ್ದ. ಆ ಸಂಜೆಯನ್ನೂ ಕಸಿದುಕೊಂಡದ್ದು ಬರ್ಮುಡಾ ಮತ್ತು ತ್ರೀ-ಫೋರ್ತ್. ಅವುಗಳಲ್ಲಿ ಜೇಬಿದೆ, ಮೊಬೈಲು ಕೂರುತ್ತದೆ. ಕಿಲ್ಟಿಗೆ ಜೇಬಿಲ್ಲದ್ದಕ್ಕೆ ಮುಂದೆ ಸ್ಪೊರನ್ ಎಂಬ ಚರ್ಮದ ಚೀಲ ತೂಗಿತು. ಮುಂಡಿಗೆ ಬ್ಯಾರಿಗಳ ಅಗಲ ಬೆಲ್ಟು, ಸೊಂಟದ ಎಲೆಯಡಿಕೆ ಚಂಚಿ, ಒಳಗಿನ ಪಟ್ಟೆ ಚಡ್ಡಿಯ ಜೇಬು ಇದ್ದವು. ನೋಟು ತೆಗೆಯಲು ಅಂಗಡಿಯೆದುರು ಮುಂಡು ಸರಿಸುವ ಹಿರಿಯರನ್ನು ಕಂಡು ಮಕ್ಕಳು ನಕ್ಕದ್ದರಲ್ಲಿ ಲುಂಗಿಯ ಸೋಲಿನ ಒಂದು ಕಾರಣವಾದರೂ ಅಡಗಿದೆ. ತಮಿಳುನಾಡಿನ ಗಿರಣಿಗಳು ಈಗ ಅಂಟುಪಟ್ಟಿ, ಜೇಬು ಎರಡನ್ನೂ ಹೊಲಿದ ಪಂಚೆ ಮಾರುತ್ತಿವೆ. ಹಂಪನಕಟ್ಟೆಯ ಅಂಗಡಿಗಳಲ್ಲೂ ಅವು ಸಿಗುತ್ತವೆ. ಕೊಳ್ಳುವವರಲ್ಲಿ ಮದುಮಗನ ಗೆಳೆಯರು ಹೆಚ್ಚು: ಒಂದು ದಿನದ ಮಟ್ಟಿಗೆ, ಒಂದೇ ಅಂಚಿನ, ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಮುಂಡು. ಕಿಲ್ಟಿಗೆ 1822ರಲ್ಲಿ ಆದದ್ದು ಮುಂಡಿಗೆ ಈಗ ಆಗುತ್ತಿದೆ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಕಚೇರಿಯ ಬಾಗಿಲಿನ ವಿಷಯದಲ್ಲಿ ಒಂದು ಅಪವಾದ ಕೋರ್ಟು. ವಕೀಲರ ಉಡುಪಿನ ಬಗ್ಗೆ ಭಾರತೀಯ ವಕೀಲರ ಪರಿಷತ್ತಿನ ನಿಯಮ ಕಪ್ಪು ಕೋಟು, ಬಿಳಿ ಬ್ಯಾಂಡು, ಗೌನುಗಳ ಕೆಳಗೆ ಪ್ಯಾಂಟು ಅಥವಾ ಧೋತಿ ಆಗಬಹುದು, ಜೀನ್ಸ್ ಕೂಡದು ಎನ್ನುತ್ತದೆ. ಮಾಲ್ ಒಪ್ಪುವುದನ್ನು ಕೋರ್ಟು ಒಪ್ಪದು, ಮಾಲ್ ತಡೆದದ್ದಕ್ಕೆ ಕೋರ್ಟಿನಲ್ಲಿ ಲಿಖಿತ ಅನುಮತಿ ಇದೆ. ಸದಾಶಿವರಾಯರ ತಲೆಮಾರಿನ ವಕೀಲರು ಕೋಟು, ಪೇಟಗಳ ಜೊತೆ ಹೋಗುತ್ತಿದ್ದದ್ದು ಕಚ್ಚೆ ಹಾಕಿದ ಪಂಚೆಯಲ್ಲಿ. ಧೋತಿ ಕಚ್ಚೆಯದ್ದಾಗಿರಬೇಕೋ ಸುಮ್ಮನೆ ಸುತ್ತಿದ್ದಾದರೂ ಆದೀತೋ ಎಂಬುದನ್ನು ನಿಯಮ ಬಿಡಿಸಿ ಹೇಳುವುದಿಲ್ಲ.